ಅಪ್ಪನ ಹೆಸರಿನ ಚೀಟಿ

ಹೊರ್ತಿ
೪-೬-೧೯೭೮

ಮಗಳೇ ಇಂದ್ರಾ,

ಮೊದಲು ಅಪ್ಪನ ಆಶೀರ್ವಾದ ತಗೋ, ಜಗಳ ಆಮೇಲೆ ಆಡೋಣ. ನಾವು ಆರಾಮ, ಕುರಿ ಆರಾಮ. ನಿಮ್ಮವ್ವನ ಮೊಣಕಾಲಿಗೆ ಮಾತ್ರ ಮೋಡ ಕಾಣುವ ಮೊದಲೇ ಮಳೆಯ ಸುದ್ದಿ ಮುಟ್ಟಿದೆ.

ನಾಳೆ ಅಮಾವಾಸ್ಯೆ. ಕಂಡಕ್ಟರ್ ದಾವಲಮಲಿಕನ ಕೈಯಲ್ಲಿ ಶೇಂಗಾ ಚಟ್ನಿಯ ಡಬ್ಬಿ ಕಳಿಸಿದ್ದೇನೆ. ಗುಳಿಗೆಯ ಶೀಶೆ ಎಂದಿನಂತೆ ಚಟ್ನಿಯ ಹೊಟ್ಟೆಯಲ್ಲಿದೆ. ಎಣಿಸಿ ಗಾಬರಿಯಾಗಬೇಡ, ಈ ಸಲ ಅರವತ್ತಿಲ್ಲ, ಮೂವತ್ತೇ ಇವೆ. ಇಂಡಿಯ ದವಾಖಾನೆಗೆ ಮಾಲು ಬಂದಿಲ್ಲ. ನೀನು ಮಾತ್ರ ಮುಂಜಾನೆ ಒಂದು, ಸಂಜೆ ಒಂದು ತಪ್ಪಿಸಬೇಡ. ಉಳಿದದ್ದನ್ನು ಕಾರಹುಣ್ಣಿಮೆಯೊಳಗೆ ಮುಟ್ಟಿಸುತ್ತೇನೆ. ಹನ್ನೊಂದು ವರ್ಷದಿಂದ ಆ ಫಿಟ್ಸ್ ನಮ್ಮ ಹೊಸ್ತಿಲು ದಾಟಿಲ್ಲ. ನಾನು ಬದುಕಿರುವ ತನಕ ದಾಟಗೊಡುವುದಿಲ್ಲ.

ನಮ್ಮ ಹಳೇ ಡಾಕ್ಟರು ಕಣ್ಣು ಮಂಜಾದವೆಂದು ದವಾಖಾನೆಯನ್ನು ತಮ್ಮನ ಮಗನಿಗೆ ಒಪ್ಪಿಸಿ ಮಿರಜಿಗೆ ಹೋದರು. ಹೊಸಬರಿಗೆ ಮೀಸೆ ಇನ್ನೂ ಗಟ್ಟಿಯಾಗಿಲ್ಲ, ಬಾಯಿ ತೆಗೆದರೆ ಪ್ರಶ್ನೆ. ಹೊಸ ವೈದ್ಯನಿಗಿಂತ ಹಳೇ ರೋಗಿ ಮೇಲು ಅಂತ ಹಿರಿಯರು ಸುಮ್ಮನೆ ಅಂದಿಲ್ಲ. ಕಂಪೌಂಡರ್ ಇಬ್ರಾಹಿಂಸಾಬ ಮಾತ್ರ ಅದೇ ಸ್ಟೂಲಿನ ಮೇಲೆ ಅದೇ ಕೆಮ್ಮು ಕೆಮ್ಮುತ್ತ ಕುಳಿತಿದ್ದಾನೆ.

ಇನ್ನು ಸಿಹಿ ಸುದ್ದಿ. ನೀನು ಕಲಿಸುವ ಸಾಲೆಯ ಸೋಮನಿಂಗ ಮಾಸ್ತರನ ಹಿರಿಯರು ಮುದ್ದೇಬಿಹಾಳದಿಂದ ಬಂದು ನಿನ್ನನ್ನು ಕೇಳಿ ಹೋದರು. ನಿಮ್ಮವ್ವ ಸಂತೋಷದ ಭರಾಟೆಯಲ್ಲಿ ಚಹಾಕ್ಕೆ ಎರಡು ಸಲ ಬೆಲ್ಲ ಹಾಕಿದಳು. ಶ್ರಾವಣದಲ್ಲಿ ಮಾತು ಮುಗಿಸೋಣ ಅಂದಿದ್ದಾರೆ. ಅಲ್ಲಿಯ ತನಕ ಆ ಶೀಶೆ ಯಾರ ಕಣ್ಣಿಗೂ ಬೀಳಬಾರದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ.

ನಿನ್ನ ಅಪ್ಪ,
ಮಾಳಿಂಗಪ್ಪ


ಬಸವನ ಬಾಗೇವಾಡಿ
೧೧-೬-೧೯೭೮

ಅಪ್ಪಾ,

ಇಲ್ಲಿಂದಲೇ ಕಾಲು ಮುಟ್ಟಿದೆ. ಈಗ ಜಗಳ.

ಸುಳ್ಳು ಬರೆಯುವಾಗ ನಿನ್ನ ಅಕ್ಷರ ಬಲಕ್ಕೆ ವಾಲುತ್ತವೆ. "ಮಾಲು ಬಂದಿಲ್ಲ" ಎನ್ನುವ ಸಾಲು ಪೂರಾ ಮಲಗಿಬಿಟ್ಟಿದೆ. ನಿಜ ಏನು, ಬರೆ. ಕಾರಹುಣ್ಣಿಮೆಯ ಮಾತು ನಂಬಿ ದಿನಕ್ಕೆರಡು ನುಂಗುವ ಧೈರ್ಯ ನನಗಿಲ್ಲ. ಶೀಶೆ ಎಣಿಸಿದ ದಿನದಿಂದ ಒಂದೊಂದೇ ತಗೊಳ್ಳುತ್ತಿದ್ದೇನೆ.

ಮೊನ್ನೆ ಮನೆಯೊಡತಿ ಮರೆವ್ವಾಯಿ, ನಾನು ಗೋಡೆಗೆ ಮುಖ ಮಾಡಿ ಗುಳಿಗೆ ನುಂಗುವುದನ್ನು ನೋಡಿಬಿಟ್ಟಳು. "ಏನ ನುಂಗಾಕತ್ತೀರಿ ಅಕ್ಕೋರ?" ಅಂದಳು. ಶಕ್ತಿಯ ಗುಳಿಗೆ ಅಂದೆ. "ಹಂಗಾದ್ರ ನನಗೂ ಒಂದ ಕೊಡ್ರಿ, ನೀರ ಹೊತ್ತ ಹೊತ್ತ ಸೊಂಟ ಬಿದ್ದ ಹೋಗೇತಿ" ಅಂತ ಅಂಗೈ ಚಾಚಿದಳು. ಮುಗಿದವು ಅಂತ ಇನ್ನೊಂದು ಸುಳ್ಳು ಹೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ, ಹಾಗೆ ಇಡೀ ದಿನ ಶೀಶೆ ಇಟ್ಟ ಟ್ರಂಕಿನ ಕಡೆಗೇ ನೋಡುತ್ತ ಕಳೆದೆ. ನನಗೆ ಈ ಬಾಳು ಸಾಕಾಗಿದೆ ಅಪ್ಪಾ.

ಬಾಗೇವಾಡಿಯಲ್ಲೂ ಔಷಧದ ಅಂಗಡಿ ಇದೆ. ನನ್ನ ಚೀಟಿ ಕಳಿಸು, ಇಲ್ಲಿಯೇ ತಗೊಳ್ಳುತ್ತೇನೆ. ಇಲ್ಲವಾದರೆ ನಾನೇ ಇಂಡಿಗೆ ಬಂದು ಆ ಮೀಸೆಯಿಲ್ಲದ ಡಾಕ್ಟರಿಗೆ ತೋರಿಸುತ್ತೇನೆ. ಹದಿಮೂರು ವರ್ಷದವಳಿದ್ದಾಗ ಆ ದವಾಖಾನೆಯ ಮೆಟ್ಟಿಲು ಇಳಿದವಳು, ಮತ್ತೆ ಹತ್ತಿಲ್ಲ. ಈಗ ನನಗೆ ಇಪ್ಪತ್ನಾಲ್ಕು.

ಸೋಮನಿಂಗ ಮಾಸ್ತರ ಒಳ್ಳೆಯವರು. ಮಗ್ಗಿ ಹೇಳಿಸುವಾಗ ಮಕ್ಕಳಿಗಿಂತ ಜೋರಾಗಿ ಅವರೇ ಕೂಗುತ್ತಾರೆ. ಅವರ ಮುಂದೆ ಹಾಯುವಾಗ ನನ್ನ ಕಾಲು ತಡವರಿಸುತ್ತವೆ. ಅದಕ್ಕೆ ಗುಳಿಗೆ ಬೇಡ.

ನಿನ್ನ ಮಗಳು,
ಇಂದ್ರಾ


ಹೊರ್ತಿ
೨೧-೬-೧೯೭೮

ಇಂದ್ರಾ,

ನಿನ್ನೆ ಕಾರಹುಣ್ಣಿಮೆ. ಊರೆಲ್ಲ ಎತ್ತು ಸಿಂಗರಿಸಿ ಕರಿ ಹರಿಯುವುದನ್ನು ನೋಡುತ್ತಿದ್ದರೆ ನಾನು ಮನೆಯಲ್ಲಿ ಇರಲಿಲ್ಲ. ಮೂರು ದಿನದಿಂದ ಹೆಗಲ ಮೇಲೆ ಕಂಬಳಿ, ಕಾಲ ಕೆಳಗೆ ಬಸ್ಸು. ಮಳೆ ಹತ್ತಿರ ಬಂತು, ಕಂಬಳಿ ಮಾರಿ ಬರುತ್ತೇನೆ ಅಂತ ಮಂದಿಗೆ ಹೇಳಿದ್ದೆ. ನಿಮ್ಮವ್ವ ನಂಬಲಿಲ್ಲ, ಆದರೂ ಬುತ್ತಿ ಕಟ್ಟಿದಳು.

ಸಿಂದಗಿಯ ಅಂಗಡಿಯವ ನನ್ನ ಮುಖ ನೋಡಿ ಮರುಗಿ ಹನ್ನೆರಡು ಗುಳಿಗೆ ಕೊಟ್ಟ. ಅವನ್ನು ಈ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅಲ್ಲಿಂದ ಮುದ್ದೇಬಿಹಾಳಕ್ಕೆ ಹೋದೆ. ಅಲ್ಲಿಯವ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ಹಳೇದ ಆತಲ್ರಿ ಯಜಮಾನ್ರ, ಡಾಕ್ಟರ ಕಡೆ ಹೊಸಾದ ಬರಿಸ್ಕೊಂಡ ಬರ್ರಿ. ಯಾರಿಗ್ರಿ ಇದು?" ಅಂತ ದನಿ ಎತ್ತಿ ಕೇಳಿದ. ತಿರುಗಿ ನೋಡುತ್ತೇನೆ, ಬಾಕಿನ ಮೇಲೆ ಸೋಮನಿಂಗ ಮಾಸ್ತರನ ಕಾಕಾ ಕೆಮ್ಮಿನ ಔಷಧಕ್ಕೆ ಕುಳಿತಿದ್ದಾನೆ! ಎದ್ದೆನೋ ಬಿದ್ದೆನೋ ಅಂತ ಓಡಿ ಬಸ್ಸು ಹತ್ತಿದೆ. ಒಂದು ಹೊಸ ಕಂಬಳಿ ಅಲ್ಲಿಯೇ ಉಳಿಯಿತು. ಅವನು ನೋಡಲಿಲ್ಲ ಅಂದುಕೊಂಡಿದ್ದೇನೆ.

ನೀನು ಚೀಟಿ ಕೇಳಬೇಡ. ಅದು ದೇವರ ಜಗುಲಿಯ ಮೇಲಿದೆ, ಅಲ್ಲಿಯೇ ಇರಲಿ. ಇಂಡಿಗೂ ಬರಬೇಡ. ಡಾಕ್ಟರನ ಮನಸ್ಸು ತಿರುಗಿಸಲು ನನಗೊಂದು ಉಪಾಯ ಹೊಳೆದಿದೆ, ಸಂತೆಯ ದಿನ ನೋಡುತ್ತೇನೆ. ಈ ವರ್ಷ ಮಾಳಿಂಗರಾಯನ ಗುಡಿಯ ಪೂಜೆಯ ಪಾಳಿ ನಮ್ಮ ಮನೆಯದು. ದಿನವೂ ಭಂಡಾರದ ಅರಿಶಿನ ಏರಿಸಿ ಒಂದೇ ಮಾತು ಬೇಡಿಕೊಳ್ಳುತ್ತಿದ್ದೇನೆ. ಒಂದು ಕಡೆ ಕುಳಿತರೆ ಕುಳಿತ ಜಾಗ ಸುಡುತ್ತದೆ.

ನಿನ್ನ ಅಪ್ಪ,
ಮಾಳಿಂಗಪ್ಪ


ಇಂಡಿ
೨೯-೬-೧೯೭೮

ಅವ್ವಾ ಇಂದ್ರಾ,

ನಾನು ಕಂಪೌಂಡರ್ ಇಬ್ರಾಹಿಂಸಾಬ. ಸಣ್ಣವಳಿದ್ದಾಗ ಔಷಧ ಕಹಿ ಅಂತ ನೀನು ಕಚ್ಚಿದ ಕೈಯಿಂದಲೇ ಈ ಕಾಗದ ಬರೆಯುತ್ತಿದ್ದೇನೆ. ಇದು ಗೊತ್ತಾದರೆ ನಿನ್ನ ಅಪ್ಪ ನನ್ನ ಜೊತೆ ಮಾತು ಬಿಡುತ್ತಾನೆ. ಬಿಡಲಿ.

ಮಾಲಿಗೆ ಏನೂ ಕೊರತೆಯಿಲ್ಲ, ಬರಣಿ ತುಂಬ ಗುಳಿಗೆ ಇವೆ. ಆದರೆ ನಿನ್ನ ಹೆಸರಿನ ಕಾರ್ಡು ನಮ್ಮ ದವಾಖಾನೆಯಲ್ಲಿ ಇಲ್ಲವೇ ಇಲ್ಲ. ಹನ್ನೊಂದು ವರ್ಷದ ಹಿಂದೆ ಹಳೇ ಡಾಕ್ಟರು ನಿನ್ನನ್ನು ಪರೀಕ್ಷೆ ಮಾಡಿ, "ಹೆಸರ ಏನ ಬರೀಲಿ?" ಅಂದಾಗ ನಿನ್ನ ಅಪ್ಪ, "ಮಾಳಿಂಗಪ್ಪ ಅಂತ ಬರೀರಿ. ಬ್ಯಾನಿ ನಂದ ಅಂತ ಬರೀರಿ" ಅಂದ. ಹೆಣ್ಣು ಕೂಸಿನ ಹೆಸರು ಆ ರೋಗದ ಪಕ್ಕದಲ್ಲಿ ಕಾಗದದ ಮೇಲೆ ನಿಲ್ಲಬಾರದು ಅನ್ನುವುದು ಅವನ ಹಟ. ಡಾಕ್ಟರು ಮನಸ್ಸು ಕರಗಿ ಹಾಗೆಯೇ ಬರೆದರು. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ನಾನು "ಮಾಳಿಂಗಪ್ಪ" ಅಂತ ಕೂಗುತ್ತೇನೆ, ಅವನು ರೋಗಿಯ ಮುಖ ಮಾಡಿಕೊಂಡು ಎದ್ದು ಬರುತ್ತಾನೆ.

ಹೊಸ ಡಾಕ್ಟರು ಆ ಕಾರ್ಡು ಓದಿ ಖುಷಿಯಾದರು. "ಹನ್ನೊಂದ ವರ್ಷ ಫಿಟ್ಸ್ ಬಂದಿಲ್ಲ ಅಂದ್ರ ನಿಮಗ ಆರಾಮ ಆಗೇತ್ರಿ. ಗುಳಿಗಿ ಸಾವಕಾಶ ಬಿಡಿಸೋಣ" ಅಂದರು. ಈ ತಿಂಗಳು ಅರ್ಧ, ಮುಂದಿನ ತಿಂಗಳು ಅದರರ್ಧ, ಆಮೇಲೆ ಬಂದ್. ಅವರದು ತಪ್ಪೆನ್ನಲಾರೆ. ಅವರ ಮುಂದೆ ಕುಳಿತ ರೋಗಿಗೆ ರೋಗವೇ ಇಲ್ಲವಲ್ಲ.

ಇನ್ನು ಸಂತೆಯ ದಿನದ ಕಥೆ ಕೇಳು. ನಿನ್ನ ಅಪ್ಪ ದವಾಖಾನೆಯ ಮುಂದೆ ಬಂದ. ಕಂಬಳಿಯ ಗಂಟನ್ನು ಗೋಡೆಗೆ ಒರಗಿಸಿದ. ರುಮಾಲು ಬಿಚ್ಚಿ, ಮಡಚಿ, ಗಂಟಿನ ಮೇಲಿಟ್ಟ. ನೆಲದ ಮೇಲಿನ ಹರಳುಗಳನ್ನು ಕಾಲಿನಿಂದ ಸರಿಸಿದ. ಆಮೇಲೆ ದೊಪ್ಪನೆ ಬಿದ್ದು ಕೈಕಾಲು ಬಡಿಯತೊಡಗಿದ. ಬಾಯಲ್ಲಿ ನೊರೆ! ಕಂಬಳಿ ತೊಳೆಯುವ ಅಂಟುವಾಳ ಕಾಯಿಯನ್ನು ದವಡೆಯಲ್ಲಿ ಇಟ್ಟುಕೊಂಡು ಬಂದಿದ್ದ ಪುಣ್ಯಾತ್ಮ. ಫಿಟ್ಸ್ ಬಂದರೆ ಡಾಕ್ಟರು ಮತ್ತೆ ಅರವತ್ತು ಗುಳಿಗೆ ಬರೆದುಕೊಡುತ್ತಾರೆ ಅನ್ನುವುದು ಅವನ ಲೆಕ್ಕ.

ನಾನು ಹೊರಗೆ ಬರುವುದರೊಳಗೆ ಸಂತೆಯ ಮಂದಿ ಸುತ್ತುಗಟ್ಟಿತ್ತು. ಗುಡಿಯ ಪೂಜಾರಿ ಬಿದ್ದು ನಡುಗಿದರೆ ಅವರು ಬೇರೆ ಏನು ತಿಳಿಯಬೇಕು? "ಮೈಮ್ಯಾಲ ಮಾಳಿಂಗರಾಯ ಬಂದಾನ, ಭಂಡಾರ ತರ್ರಿ!" ಅಂತ ಯಾರೋ ಕೂಗಿದರು. ಹಣೆಗೆ, ಎದೆಗೆ, ಮೀಸೆಗೆ ಹಿಡಿ ಹಿಡಿ ಭಂಡಾರ ಬಿತ್ತು. ಅಗರಖೇಡದ ಹುಲಿಗೆವ್ವ ಅನ್ನುವ ಮುದುಕಿ ಎರಡೂ ಕಾಲು ಗಟ್ಟಿಯಾಗಿ ಹಿಡಿದು, "ಮಳಿ ಯಾವಾಗ ನನ್ನಪ್ಪಾ, ಹೇಳಿದ್ರ ಬಿಡ್ತೇನಿ" ಅಂತ ಕುಳಿತಳು. ಇವನು ಏನು ಮಾಡ್ಯಾನು, "ಎರಡ ದಿನದಾಗ! ಕಾಲ ಬಿಡ!" ಅಂತ ಚೀರಿದ. ಜನರೆಲ್ಲ ಅಡ್ಡಬಿದ್ದರು. ಡಾಕ್ಟರು ಬಂದು ಕಣ್ಣಿಗೆ ಬ್ಯಾಟರಿ ಹಿಡಿದು ನೋಡಿ, "ಇದಕ್ಕ ನನ್ನ ಕಡೆ ಔಷಧ ಇಲ್ಲ" ಅಂತ ನಕ್ಕು ಒಳಗೆ ಹೋದರು.

ನನಗೂ ಮೊದಲು ನಗು ಬಂತು. ಮಂದಿ ಚದುರಿದ ಮೇಲೆ ಅವನು ನಮ್ಮ ನೀರಿನ ಗಡಿಗೆಯ ಹತ್ತಿರ ಕುಳಿತು ಬಾಯಿ ತೊಳೆದುಕೊಳ್ಳುತ್ತ, "ಇಬ್ರಾಹಿಂ, ಮುಂದಿನ ಅಮಾಸಿಗೆ ಕೂಸಿಗೆ ಏನ ಕಳಿಸ್ಲೋ ನಾ?" ಅಂದ. ಆಗ ನನ್ನ ನಗು ಸತ್ತಿತು. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದು ನನ್ನ ತಪ್ಪು. ಗುಳಿಗೆ ಒಮ್ಮೆಲೇ ನಿಂತರೆ ಏನಾಗುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ. ನೀನೇ ಬಾ.

ನಿನ್ನ ಚಾಚಾ,
ಇಬ್ರಾಹಿಂಸಾಬ


ಬಸವನ ಬಾಗೇವಾಡಿ
೩-೭-೧೯೭೮

ಅಪ್ಪಾ,

ಚಾಚಾ ಎಲ್ಲ ಬರೆದಿದ್ದಾರೆ. ನೀನು ಅವರ ಜೊತೆ ಮಾತು ಬಿಟ್ಟರೆ ನಾನು ನಿನ್ನ ಜೊತೆ ಬಿಡುತ್ತೇನೆ.

ಅಂಟುವಾಳದ ಸಾಲು ಓದಿ ಬಿದ್ದು ಬಿದ್ದು ನಕ್ಕೆ. ಆಮೇಲೆ ನಿನ್ನ ಮೀಸೆಯ ಮೇಲಿನ ಭಂಡಾರ ನೆನಪಾಗಿ ಬಾಯಿಗೆ ಸೆರಗು ಒತ್ತಿ ಅತ್ತೆ. ಜಗುಲಿಯ ಮೇಲಿದ್ದ ಚೀಟಿ ಮುದ್ದೇಬಿಹಾಳದ ಅಂಗಡಿಗೆ ಹೇಗೆ ಹೋಯಿತು ಅಂತ ಆಗಲೇ ಕೇಳಬೇಕಿತ್ತು ನಾನು. ಹನ್ನೊಂದು ವರ್ಷ ನನ್ನ ರೋಗವನ್ನು ನೀನು ಹೊತ್ತು ತಿರುಗಿದೆ, ನನಗೆ ಒಂದು ಮಾತು ಹೇಳಲಿಲ್ಲ.

ಈಗ ನಾನು ಹೇಳುವುದನ್ನು ಕೇಳು. ಸಣ್ಣವಳಿದ್ದಾಗ ಬೀಳುವ ಮೊದಲು ನನಗೆ ಸುಟ್ಟ ರೊಟ್ಟಿಯ ವಾಸನೆ ಬರುತ್ತಿತ್ತಲ್ಲ? ಶುಕ್ರವಾರ ಮೂರನೇ ಇಯತ್ತೆಯ ಮಕ್ಕಳಿಗೆ ಲೆಕ್ಕ ಹಾಕಿಕೊಡುವಾಗ ಆ ವಾಸನೆ ಬಂತು. ಸಾಲೆಯಲ್ಲಿ ಒಲೆ ಎಲ್ಲಿಂದ ಬರಬೇಕು? ಬೋರ್ಡಿಗೆ ಬರೆಯುವ ಖಡು ಹುಡುಕುವವಳಂತೆ ನೆಲಕ್ಕೆ ಕುಳಿತುಬಿಟ್ಟೆ. ಹಾದುಹೋಯಿತು. ಆದರೆ ಬಲಗೈ ಗಂಟೆ ಹೊತ್ತು ನನ್ನ ಮಾತು ಕೇಳಲಿಲ್ಲ. ಶೀಶೆಯಲ್ಲಿ ಇನ್ನು ಹದಿನಾಲ್ಕು ಉಳಿದಿವೆ. ಮಕ್ಕಳ ಮುಂದೆ ಬಿದ್ದರೆ ಅನ್ನುವ ಹೆದರಿಕೆಯಲ್ಲಿ ನಿಂತಲ್ಲಿ ನಿಲ್ಲಲಾರೆ, ಕುಂತಲ್ಲಿ ಕೂರಲಾರೆ.

ಸೋಮವಾರ, ಹತ್ತನೇ ತಾರೀಖು, ರಜೆ ಹಾಕಿ ಇಂಡಿಗೆ ಬರುತ್ತೇನೆ. ನನ್ನ ಬ್ಯಾನೆ ನನಗೆ ಕೊಟ್ಟುಬಿಡು. ಬರುವ ಮೊದಲು ಸೋಮನಿಂಗ ಮಾಸ್ತರರಿಗೂ ಹೇಳುತ್ತೇನೆ. ತಾಳಿ ಕಟ್ಟಿಸಿಕೊಂಡ ಮೇಲೂ ಗೋಡೆಗೆ ಮುಖ ಮಾಡಿ ಗುಳಿಗೆ ನುಂಗುವುದು ನನ್ನಿಂದ ಆಗದು.

ಇಂದ್ರಾ


ಹೊರ್ತಿ
೬-೭-೧೯೭೮

ಇಂದ್ರಾ,

ಡಾಕ್ಟರಿಗೆ ತೋರಿಸಲು ಬಾ. ಆ ವಾಸನೆಯ ಸಂಗತಿ ಓದಿದ ಮೇಲೆ ಬರಬೇಡ ಅನ್ನುವ ಬಾಯಿ ನನಗಿಲ್ಲ. ಆದರೆ ಮಾಸ್ತರನಿಗೆ ಹೇಳಬೇಡ. ಕಾಲು ಹಿಡಿಯುತ್ತೇನೆ, ಹೇಳಬೇಡ.

ನಿನಗೆ ಒಬ್ಬಳು ಸೋದರತ್ತೆ ಇದ್ದಳು, ನನ್ನ ತಂಗಿ ಹುಚ್ಚವ್ವ. ನೀನು ಹುಟ್ಟುವ ಮೊದಲೇ ಹೋದಳು. ಸಿಂದಗಿಯ ಕಡೆ ಕೊಟ್ಟಿದ್ದೆವು. ಗಂಡನ ಮನೆಗೆ ಹೋದ ಮೂರನೇ ದಿನ ರೊಟ್ಟಿ ಬಡಿಯುತ್ತ ಒಲೆಯ ಮುಂದೆ ಬಿದ್ದಳು. ಕೈ ಸುಟ್ಟಿತ್ತು. ಅದಕ್ಕೆ ಎಣ್ಣೆ ಸಹ ಹಚ್ಚದೆ, ಹೋದ ಗಾಡಿಯಲ್ಲಿಯೇ ತಿರುಗಿ ಕಳಿಸಿದರು. ಅಂದಿನಿಂದ ಊರಲ್ಲಿ ಯಾರೂ ಅವಳನ್ನು ಹುಚ್ಚವ್ವ ಅಂತ ಕರೆಯಲಿಲ್ಲ, ಫಿಟ್ಸಿನಾಕಿ ಅಂತಲೇ ಕರೆದರು. ಐದು ವರ್ಷ ನಮ್ಮ ಕುರಿಗಳ ಜೊತೆ ತಿರುಗಿದಳು. ಒಂದು ದಿನ ಹಳ್ಳದಲ್ಲಿ, ಮೊಣಕಾಲು ಮುಳುಗದ ನೀರಿನಲ್ಲಿ ಬೋರಲು ಬಿದ್ದಿದ್ದಳು. ಎತ್ತಿದವನು ನಾನೇ.

ಡಾಕ್ಟರು ನಿನ್ನ ಹೆಸರು ಕೇಳಿದಾಗ ನಾನು ವಿಚಾರ ಮಾಡಿ ಹೇಳಲಿಲ್ಲ ಇಂದ್ರಾ. ಹುಚ್ಚವ್ವನ ಮುಖ ಕಣ್ಣ ಮುಂದೆ ಬಂತು, ಬಾಯಿಂದ ನನ್ನ ಹೆಸರು ಬಂತು.

ಇಲ್ಲಿ ಇನ್ನೊಂದು ಕಷ್ಟ. ನಾನು ಚೀರಿದಂತೆಯೇ ಎರಡನೇ ದಿನ ಮಳೆ ಹೊಡೆಯಿತು! ಜನ ಕಾಯಿ, ಕರ್ಪೂರ ಹಿಡಿದು ಮನೆಗೆ ಬರುತ್ತಿದ್ದಾರೆ. ಮಾಳಿಂಗರಾಯನ ಮುಂದೆ ನಿಂತರೆ ತಲೆ ಎತ್ತಲಾಗುವುದಿಲ್ಲ. ನನ್ನ ನಾಟಕಕ್ಕೆ ಮಳೆ ಸುರಿಸಿ ನನ್ನನ್ನೇ ಚೇಷ್ಟೆ ಮಾಡುತ್ತಿದ್ದಾನೆ ಅವನು.

ನಿನ್ನ ಅಪ್ಪ,
ಮಾಳಿಂಗಪ್ಪ


ಬಸವನ ಬಾಗೇವಾಡಿ
೨೪-೭-೧೯೭೮

ಅಪ್ಪಾ,

ಇಂಡಿಯಿಂದ ಬಂದು ಹದಿನೈದು ದಿನವಾಯಿತು. ಡಾಕ್ಟರು "ಹೆಸರ?" ಅಂದಾಗ ರೂಢಿಯಂತೆ ನಿನ್ನ ಬಾಯಿ ತೆರೆದದ್ದು, ನಾನು ನಿನ್ನ ಮೊಣಕೈ ಹಿಡಿದು "ಇಂದ್ರಾಬಾಯಿ" ಅಂದದ್ದು ದಿನವೂ ಕಣ್ಣಿಗೆ ಕಟ್ಟುತ್ತದೆ. ಅವರು ನಗಲಿಲ್ಲ, ಬೈಯಲಿಲ್ಲ. ನಿನ್ನ ಹಳೇ ಕಾರ್ಡಿನ ಮೇಲೆ ಅಡ್ಡ ಗೆರೆ ಎಳೆದು ಬಹಳ ಹೊತ್ತು ನಿನ್ನ ಕಡೆ ನೋಡಿದರು. ಮೀಸೆ ಇಲ್ಲದಿದ್ದರೂ ಮನುಷ್ಯರು ಅವರು.

ಚೀಟಿ ಮೂರು ತಿಂಗಳಿನದು. ಮುಗಿಯುವ ಮೊದಲು ನಾನೇ ಹೋಗಿ ಹೊಸದು ಬರೆಸಬೇಕು. ಇಲ್ಲಿಯ ಅಂಗಡಿಯವನು ಅರವತ್ತು ಗುಳಿಗೆ ಎಣಿಸಿ ಕೊಟ್ಟ. ಮರೆವ್ವಾಯಿಗೂ ಹೇಳಿದೆ. ಅವಳಿಗೆ ಫಿಟ್ಸಿನ ಮೇಲೆ ಸಿಟ್ಟಿಲ್ಲ, ಸುಳ್ಳಿನ ಮೇಲೆ ಸಿಟ್ಟು. "ಮುಗದಾವು ಅಂತ ಹೇಳಿ ನನ್ನ ಸೊಂಟಕ್ಕ ಮೋಸ ಮಾಡಿದ್ರಲ್ಲ ಅಕ್ಕೋರ" ಅಂತ ಎರಡು ದಿನ ಮುನಿಸಿಕೊಂಡಿದ್ದಳು. ಈಗ ಸಂಜೆಯಾದರೆ "ನುಂಗಿದ್ರ್ಯಾ?" ಅಂತ ಅವಳೇ ಕೂಗುತ್ತಾಳೆ.

ಸೋಮನಿಂಗ ಮಾಸ್ತರರಿಗೂ ಹೇಳಿದೆ. ಅವರು "ಗುಳಿಗಿ ತಗೊಂಡ್ರ ಬರೂದಿಲ್ಲಲ್ರಿ?" ಅಂತ ಅಷ್ಟೇ ಕೇಳಿದರು. ಬರುವುದಿಲ್ಲ ಅಂದೆ. ಮನೆಯಲ್ಲಿ ಕೇಳುತ್ತೇನೆ ಅಂದರು. ನಿನ್ನೆ ಅವರ ಹಿರಿಯರಿಂದ ಬೇಡ ಅಂತ ಹೇಳಿಕೆ ಬಂತು. ಇವತ್ತು ಮಾಸ್ತರರು ತಲೆ ತಗ್ಗಿಸಿ ಹಾದುಹೋದರು. ಮಗ್ಗಿಯನ್ನು ಮೆಲ್ಲಗೆ ಹೇಳಿಸುತ್ತಿದ್ದರು.

ನೀನು ಹೆದರಿದ್ದೇ ಆಯಿತು ಅಪ್ಪಾ. ಬಹಳ ದುಃಖವಾಗಿದೆ, ಮುಚ್ಚಿಡುವುದಿಲ್ಲ. ಅತ್ತು, ರೊಟ್ಟಿ ತಿಂದು, ಗುಳಿಗೆ ನುಂಗಿದೆ. ಗೋಡೆಯ ಕಡೆ ತಿರುಗಲಿಲ್ಲ.

ನಿನ್ನ ಮಗಳು,
ಇಂದ್ರಾ


ಹೊರ್ತಿ
೫-೮-೧೯೭೮

ಇಂದ್ರಾ,

ಪಂಚಮಿಗೆ ಬಾ. ನಿಮ್ಮವ್ವ ಉಂಡಿ ಕಟ್ಟಿದ್ದಾಳೆ. ದಾವಲಮಲಿಕನ ಕೈಯಲ್ಲಿ ಕಳಿಸಿದ ಡಬ್ಬಿಯಲ್ಲಿ ಈ ಸಲ ಬರೀ ಚಟ್ನಿ ಇದೆ, ಕೈ ಹಾಕಿ ಹುಡುಕಬೇಡ. ಮಾಸ್ತರನ ಸುದ್ದಿ ಓದಿ ನಾಲ್ಕು ದಿನ ಅನ್ನ ಸೇರಲಿಲ್ಲ. ನಿಮ್ಮವ್ವ, "ಕೂಸು ರೊಟ್ಟಿ ತಿಂದೇತಿ, ನೀ ಯಾಕ ಉಪಾಸ?" ಅಂತ ಬೈದು ಉಣ್ಣಿಸಿದಳು.

ಇನ್ನು ನಡೆದದ್ದು ಕೇಳು. ಗುರುವಾರ ಅಗರಖೇಡದ ಹುಲಿಗೆವ್ವ ಗುಡಿಗೆ ಬಂದಳು, ಸಂತೆಯಲ್ಲಿ ನನ್ನ ಕಾಲು ಹಿಡಿದಿದ್ದಳಲ್ಲ, ಅವಳೇ. ಸಂಗಡ ಹನ್ನೆರಡು ವರ್ಷದ ಮೊಮ್ಮಗಳು. ಹುಡುಗಿಯ ಮೊಣಕೈಯ ಗಾಯ ನೋಡಿದ ಕೂಡಲೇ ನನಗೆ ತಿಳಿಯಿತು. "ಮಳಿ ತಂದ ದೇವ್ರ, ಈ ಕೂಸು ಬೀಳೂದ ಬಿಡಸ" ಅಂತ ಮುದುಕಿ ಹೊಸ್ತಿಲಿಗೆ ತಲೆ ಹಚ್ಚಿದಳು. ಡಾಕ್ಟರ ಕಡೆ ಹೋಗವ್ವಾ ಅಂದೆ. "ನಿನ್ನ ಮಾತ ಬ್ಯಾಡ, ದೇವರ ಮಾತ ಹೇಳ" ಅಂದಳು.

ಮಾಳಿಂಗರಾಯನ ಕಡೆ ನೋಡಿದೆ. ಹಣೆಗೆ ಭಂಡಾರ ಹಚ್ಚಿಕೊಂಡು ಕಣ್ಣು ಮುಚ್ಚಿದೆ. "ಅಮಾಸಿ ದಿನ ಇಂಡಿ ದವಾಖಾನಿಗೆ ಹೋಗ್ರಿ. ದಿನಾ ಗುಳಿಗಿ ತಪ್ಪಬಾರ್ದು. ಮುಗಿಯೂದ್ರಾಗ ಮತ್ತ ಹೋಗಿ ಚೀಟಿ ಬರಸ್ರಿ" ಅಂದೆ. ಇದು ನಾಟಕವೋ, ಅವನೇ ಹೇಳಿಸಿದ ಹೇಳಿಕೆಯೋ ನನಗಂತೂ ತಿಳಿಯದು. ಮೈ ಮಾತ್ರ ನಿಜವಾಗಿ ನಡುಗಿತು.

ನಿನ್ನೆ ನಾಗರ ಅಮಾವಾಸ್ಯೆ. ಹೇಗೂ ಹನ್ನೊಂದು ವರ್ಷದ ರೂಢಿಗೆ ಕಾಲು ಇಂಡಿಯ ಬಸ್ಸಿನ ಕಡೆಗೇ ಎಳೆಯುತ್ತಿದ್ದವು, ಅಜ್ಜಿ-ಮೊಮ್ಮಗಳನ್ನು ಕರೆದುಕೊಂಡು ಹೋದೆ. ಡಾಕ್ಟರು ಹೊಸ ಕಾರ್ಡು ಮಾಡಿಸಿಕೊಂಡು ಬರಲು ಹೇಳಿದರು. ಇಬ್ರಾಹಿಂಸಾಬ ಕಿಟಕಿಯಿಂದ "ಹೆಸರ?" ಅಂದ. ಮುದುಕಿ ಹಿಂದೆ ಮುಂದೆ ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು, "ನನ್ನ ಹೆಸರ ಬರಕೋರಿ, ಹುಲಿಗೆವ್ವ ಅಂತ. ಬ್ಯಾನಿ ನಂದ ಅಂತ ಬರೀರಿ" ಅಂದಳು.

ಇಬ್ರಾಹಿಂಸಾಬ ಬರೆಯಲಿಲ್ಲ. ಪೆನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದ. ನಾನು ಹುಡುಗಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತೆ. "ನಿನ್ನ ಹೆಸರ ಏನವ್ವಾ?" ಅಂದೆ.

"ಚಂದವ್ವ."

"ಇನ್ನೊಮ್ಮಿ ಹೇಳ, ಆ ಅಜ್ಜಗ ಕೇಳಸೂವಂಗ."

"ಚಂದವ್ವ!" ಅಂದಳು. ಇಬ್ರಾಹಿಂಸಾಬ ಬರೆದುಕೊಂಡ. ಆಮೇಲೆ ಕೆಮ್ಮಿ, "ಮತ್ತ ನಿನಗೇನ ಕೊಡ್ಲೋ ಮಾಳಿಂಗಪ್ಪ?" ಅಂತ ಕೇಳಿದ.

"ಏನೂ ಬ್ಯಾಡೋ, ನನಗ ಆರಾಮ ಆಗೇತಿ" ಅಂದೆ.

ನಿನ್ನ ಅಪ್ಪ,
ಮಾಳಿಂಗಪ್ಪ